ಕಾದ ತಂತಿ, ಕುದಿಯದ ನೀರು

ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡದೆ ದೋಸೆ ಹುಯ್ಯುವವರು ಕಡಿಮೆ. ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಹುಣಸೂರು, ಪಿರಿಯಾಪಟ್ಟಣ ದಾಟುವಾಗ ಸಿಗುವ ಹೋಟೆಲುಗಳಾಗಲಿ, ಕೆ.ಆರ್. ನಗರದ ಅಥವಾ ಎಚ್.ಡಿ. ಕೋಟೆಯ ಮನೆಗಳಾಗಲಿ, ಪರೀಕ್ಷೆ ಮಾತ್ರ ಒಂದೇ. ಹನಿ ಬಿದ್ದಲ್ಲೇ ಹರಡಿಕೊಂಡು ‘ಚುಂಯ್’ ಎಂದು ಆರಿಹೋದರೆ ಕಾವಲಿ ಹದಕ್ಕೆ ಬಂದಿದೆ ಎಂದರ್ಥ. ಹನಿ ಆರದೆ ಗುಂಡಗಾಗಿ, ಪಾದರಸದ ಗುಂಡಿನಂತೆ ಅತ್ತಿಂದಿತ್ತ ಓಡಾಡಿದರೆ ಕಾವಲಿ ಮಿತಿಮೀರಿ ಕಾದಿದೆ. ಆಗ ಹಿಟ್ಟು ಹುಯ್ದರೆ ಅದು ಹರಡುವುದಿಲ್ಲ, ಸೌಟಿನ ಜೊತೆಗೇ ಎದ್ದು ಬರುತ್ತದೆ. ಇನ್ನಷ್ಟು ನೀರು ಚೆಲ್ಲಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಕಾವಲಿಯನ್ನು ತಣಿಸಬೇಕು.

ಇದರಲ್ಲಿ ಒಂದು ವಿಚಿತ್ರವಿದೆ. ದಿನವೂ ನೋಡುವವರಿಗೆ ಅದು ವಿಚಿತ್ರವೆಂದು ತೋರುವುದೇ ಇಲ್ಲ. ಕಡಿಮೆ ಕಾದ ಕಾವಲಿಯ ಮೇಲೆ ಹನಿ ಕ್ಷಣದಲ್ಲಿ ಮಾಯವಾಗುತ್ತದೆ. ಹೆಚ್ಚು ಕಾದ ಕಾವಲಿಯ ಮೇಲೆ ಅದೇ ಗಾತ್ರದ ಹನಿ ಅರ್ಧ ನಿಮಿಷ, ಕೆಲವೊಮ್ಮೆ ಒಂದು ನಿಮಿಷವೇ ಬದುಕಿರುತ್ತದೆ. ಬಿಸಿ ಹೆಚ್ಚಿದಂತೆಲ್ಲ ನೀರು ಬೇಗ ಆವಿಯಾಗಬೇಕಲ್ಲವೆ? ಒಂದು ಮಿತಿಯವರೆಗೆ ಹೌದು. ಆ ಮಿತಿ ದಾಟಿದರೆ ಲೆಕ್ಕ ತಿರುವುಮುರುವಾಗುತ್ತದೆ. ಈ ತಿರುವುಮುರುವನ್ನು ಅಳತೆಗೆ ತಂದವರು ಕಾವಲಿಯನ್ನು ಬಳಸಲಿಲ್ಲ, ನೀರಿನಲ್ಲಿ ಮುಳುಗಿಸಿ ಕಾಯಿಸಿದ ತಂತಿಯನ್ನು ಬಳಸಿದರು. ಆದರೆ ಆ ತಂತಿಯವರೆಗೆ ಬರಲು ವಿಜ್ಞಾನಕ್ಕೆ ಸುಮಾರು 180 ವರ್ಷ ಬೇಕಾಯಿತು.

ವಿಜ್ಞಾನಿಗಳಿಗಿಂತ ಮೊದಲೇ ಈ ಸಂಗತಿಯೊಡನೆ ಗುದ್ದಾಡಿದವನು ಕುಲುಮೆಯ ಕಮ್ಮಾರ. ಕುಡುಗೋಲು, ಮಚ್ಚು, ಗುಳ ಯಾವುದೇ ಇರಲಿ, ಬಾಯಿಗೆ ಗಡಸು ಬರಬೇಕಾದರೆ ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿಗೆ ಅದ್ದಬೇಕು. ಉಕ್ಕು ತಣಿಯುವ ವೇಗವೇ ಅದರ ಗಡಸುತನವನ್ನು ತೀರ್ಮಾನಿಸುತ್ತದೆ. ಆದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾದ ಉಕ್ಕು ನೀರಿಗೆ ಇಳಿದ ಕೂಡಲೇ ಅದರ ಸುತ್ತ ಆವಿಯ ಒಂದು ಪೊರೆ ಕವಿಯುತ್ತದೆ. ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಆ ಹೊತ್ತು ಉಕ್ಕು ನಿಧಾನವಾಗಿ ತಣಿಯುತ್ತದೆ. ಪೊರೆ ಹರಿದ ಮೇಲಷ್ಟೇ ನೀರು ಭೋರೆಂದು ಕುದಿದು ಶಾಖವನ್ನು ಸೆಳೆಯುತ್ತದೆ. ಪೊರೆ ಒಂದು ಕಡೆ ಬೇಗ ಹರಿದು ಇನ್ನೊಂದು ಕಡೆ ಉಳಿದುಕೊಂಡರೆ ಬಾಯಿಯ ಒಂದು ಭಾಗ ಗಡಸಾಗಿ ಮತ್ತೊಂದು ಭಾಗ ಮೆತ್ತಗಾಗುತ್ತದೆ, ಇಲ್ಲವೇ ಅಲಗು ಸೊಟ್ಟಗಾಗುತ್ತದೆ.

ಅನುಭವಿ ಕಮ್ಮಾರ ಕಾದ ಅಲಗನ್ನು ನೀರಿನಲ್ಲಿ ಸುಮ್ಮನೆ ಇಳಿಬಿಡುವುದಿಲ್ಲ, ಆಡಿಸುತ್ತಾನೆ. ನೀರಿಗೆ ಉಪ್ಪು ಹಾಕುವ ಪದ್ಧತಿಯೂ ಹಲವು ದೇಶಗಳ ಕಮ್ಮಾರರಲ್ಲಿದೆ. ಎರಡರ ಫಲವೂ ಒಂದೇ, ಆವಿಯ ಪೊರೆ ಬೇಗ ಹರಿಯುತ್ತದೆ. ಕಾದ ಲೋಹದ ಮೇಲೆ ಸಿಡಿಯುವ ಉಪ್ಪಿನ ಹರಳುಗಳು ಪೊರೆಗೆ ತೂತು ಹಾಕುತ್ತವೆ ಎಂದು ಇಂದಿನ ಲೋಹಶಾಸ್ತ್ರ ವಿವರಿಸುತ್ತದೆ. ವಿವರಣೆ ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣವನ್ನೂ ಹಾದುಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ವಿವರಗಳು ಧಾರಾಳವಾಗಿವೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಉಕ್ಕಿನ ತಂತಿ ಎಳೆಯುತ್ತಿದ್ದ ಕುಶಲಿಗಳನ್ನೂ ಅವನು ಗುರುತಿಸಿದ್ದಾನೆ. ಆ ತಂತಿಗೆ ದೂರದೂರದಿಂದ ಬೇಡಿಕೆಯಿತ್ತು. ಬೊಂಬೆಗಳ ಊರೆಂದು ನಾವು ತಿಳಿದಿರುವ ಚನ್ನಪಟ್ಟಣ ಒಂದು ಕಾಲಕ್ಕೆ ತಂತಿಯ ಊರೂ ಆಗಿತ್ತು.

ಇನ್ನು ಯೂರೋಪಿನ ಕಡೆಗೆ. ಇಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಅರಸರಾಗಿ ದಳವಾಯಿಗಳೇ ಅಧಿಕಾರ ನಡೆಸುತ್ತಿದ್ದ ಕಾಲದಲ್ಲಿ, ಜರ್ಮನಿಯ ಡ್ಯೂಸ್‌ಬರ್ಗ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಗಾಟ್ಲೋಬ್ ಲೈಡೆನ್‌ಫ್ರಾಸ್ಟ್ ಎಂಬ ವೈದ್ಯಶಾಸ್ತ್ರದ ಪ್ರಾಧ್ಯಾಪಕನಿದ್ದ. 1756ರಲ್ಲಿ ಅವನು ಸಾಮಾನ್ಯ ನೀರಿನ ಕೆಲವು ಗುಣಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ ಸೋಪಿನ ಗುಳ್ಳೆಗಳ ವಿಚಾರವೂ ಇದೆ. ಆದರೆ ಅವನ ಹೆಸರು ಉಳಿದಿರುವುದು ಒಂದು ಕಬ್ಬಿಣದ ಚಮಚದಿಂದ. ಚೆನ್ನಾಗಿ ಉಜ್ಜಿ ನುಣುಪಾಗಿಸಿದ ಚಮಚವನ್ನು ಕೆಂಡದ ಮೇಲೆ ಕೆಂಪಗೆ ಕಾಯಿಸಿ, ಹೊರತೆಗೆದು, ಒಂದು ಹನಿ ನೀರು ಬಿಟ್ಟ. ಲೋಲಕದ ತೂಗಾಟದಿಂದ ಕಾಲವನ್ನು ಎಣಿಸಿದ. ಮೊದಲ ಹನಿ ಸುಮಾರು 30 ಸೆಕೆಂಡು ಉಳಿಯಿತು. ಅಷ್ಟರಲ್ಲಿ ಚಮಚ ತಣಿಯತೊಡಗಿತ್ತು. ಎರಡನೆಯ ಹನಿ ಹತ್ತು ಸೆಕೆಂಡು ಮಾತ್ರ ಉಳಿಯಿತು. ಅನಂತರ ಬಿಟ್ಟ ಹನಿಗಳು ಕೆಲವೇ ಸೆಕೆಂಡುಗಳಲ್ಲಿ ಸಿಡಿದು ಹೋದವು. ಚಮಚ ತಣಿದಂತೆಲ್ಲ ನೀರು ಬೇಗ ಆರುತ್ತಿತ್ತು!

ಇಂದಿಗೂ ಈ ಸಂಗತಿಗೆ ಲೈಡೆನ್‌ಫ್ರಾಸ್ಟ್ ಪರಿಣಾಮ ಎಂದೇ ಹೆಸರು. ಆದರೆ ತಾನು ಕಂಡದ್ದಕ್ಕೆ ಅವನು ಕೊಟ್ಟ ಅರ್ಥ ಬೇರೆ. ಹನಿ ಪೂರ್ತಿ ಆರಿದ ಮೇಲೆ ಚಮಚದಲ್ಲಿ ಒಂದು ಚೂರು ಮಣ್ಣಿನಂಥ ಕಲೆ ಉಳಿಯುತ್ತಿತ್ತು. ಬೆಂಕಿಯ ಪ್ರಭಾವದಿಂದ ನೀರಿನ ಒಂದಂಶ ಮಣ್ಣಾಗುತ್ತದೆ ಎಂದು ಅವನು ಭಾವಿಸಿದ. ಆ ಕಾಲದ ಪಂಡಿತರಲ್ಲಿ ಇಂಥ ನಂಬಿಕೆ ಅಪರೂಪವಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಲಾವಾಸಿಯೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ 101 ದಿನ ನೀರನ್ನು ಕಾಯಿಸಿ, ಕೊನೆಯಲ್ಲಿ ಉಳಿದ ‘ಮಣ್ಣು’ ನೀರಿನಿಂದ ಹುಟ್ಟಿದ್ದಲ್ಲ, ಗಾಜಿನಿಂದ ಕರಗಿ ಬಂದದ್ದು ಎಂದು ತೂಕ ಹಾಕಿ ತೋರಿಸಿದ್ದು 1770ರಲ್ಲಿ. ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಆ ಕಲೆಯ ಮೂಲ ಊಹಿಸುವುದು ಕಷ್ಟವಲ್ಲ.

ನಿಜವಾದ ವಿವರಣೆ ಸರಳ. ನುಣುಪಾದ ಲೋಹ ಸುಮಾರು 200 ಡಿಗ್ರಿಯನ್ನು ದಾಟಿದರೆ (ಲೋಹ ಯಾವುದು, ಮೇಲ್ಮೈ ಎಷ್ಟು ಒರಟು ಎಂಬುದರ ಮೇಲೆ ಈ ಅಂಕಿ ಸಾಕಷ್ಟು ಏರುಪೇರಾಗುತ್ತದೆ) ಹನಿಯ ಕೆಳಭಾಗ ಲೋಹವನ್ನು ಮುಟ್ಟುವ ಮೊದಲೇ ಆವಿಯಾಗುತ್ತದೆ. ಆ ಆವಿ ಹಾಸಿಗೆಯಂತೆ ಹನಿಯನ್ನು ಎತ್ತಿ ಹಿಡಿಯುತ್ತದೆ. ಹಾಸಿಗೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅಷ್ಟು ತೆಳುವಾದದ್ದೇನು ಮಾಡೀತು ಎನಿಸಬಹುದು. ಆದರೆ ಶಾಖವನ್ನು ಸಾಗಿಸುವುದರಲ್ಲಿ ಹಬೆ ಮಹಾ ಸೋಮಾರಿ. ನೀರಿನ ಸಾಮರ್ಥ್ಯದಲ್ಲಿ ಅದಕ್ಕಿರುವುದು ಹೆಚ್ಚುಕಡಿಮೆ ಇಪ್ಪತ್ತೈದನೆಯ ಒಂದು ಪಾಲು. ಹೀಗಾಗಿ ಕೆಂಪು ಲೋಹಕ್ಕೂ ನೀರಿಗೂ ಕೂದಲೆಳೆಯಷ್ಟು ಅಂತರವಿದ್ದರೂ ನೀರಿಗೆ ಬಿಸಿ ತಟ್ಟುವುದು ನಿಧಾನ. ಹನಿ ಓಡಾಡುವುದಕ್ಕೂ ಇದೇ ಕಾರಣ. ಅದು ನೆಲದ ಮೇಲಿಲ್ಲ, ತೇಲುತ್ತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬೂಟಿನ್ಯಿ ಎಂಬಾತ ಈ ಗುಂಡು ಹನಿಗಳನ್ನೇ ಜೀವನದ ಕಾಯಕ ಮಾಡಿಕೊಂಡ. 1845ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಅವನು ಕೆಂಪಗೆ ಕಾದ ಮೂಸೆಯೊಳಗೆ ನೀರನ್ನು ಮಂಜುಗಡ್ಡೆ ಮಾಡಿ ತೋರಿಸಿದ. ಕಣ್ಕಟ್ಟಲ್ಲ. ಮೂಸೆಗೆ ಮೊದಲು ದ್ರವರೂಪದ ಗಂಧಕದ ಡೈ ಆಕ್ಸೈಡನ್ನು ಸುರಿದಿದ್ದ. ಅದು ಕುದಿಯುವುದು ಸೊನ್ನೆಗಿಂತ 10 ಡಿಗ್ರಿ ಕೆಳಗೆ. ಕೆಂಪು ಮೂಸೆಯಲ್ಲಿ ಅದು ತನ್ನದೇ ಆವಿಯ ಮೇಲೆ ತೇಲುತ್ತ, ತಣ್ಣಗೇ ಉಳಿದು, ಮೇಲೆ ಹಾಕಿದ ನೀರನ್ನು ಹೆಪ್ಪುಗಟ್ಟಿಸಿತು. ನೋಡಿದವರು ಬೆರಗಾದರು. ಉಗಿಯಂತ್ರಗಳ ಬಾಯ್ಲರುಗಳು ಆಗಾಗ ಸಿಡಿಯುತ್ತಿದ್ದ ಕಾಲವದು. ಅದಕ್ಕೆ ಈ ತೇಲುವ ನೀರೇ ಕಾರಣವಿರಬಹುದೆ ಎಂಬ ಚರ್ಚೆಯೂ ನಡೆಯಿತು. ಆದರೆ ಬೆರಗು, ಚರ್ಚೆ ಎರಡರಿಂದಲೂ ಎಂಜಿನಿಯರನಿಗೆ ಬೇಕಾದದ್ದು ಸಿಗಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಅಂಕಿ. ಒಂದು ಚದರ ಮೀಟರ್ ಲೋಹದಿಂದ ಕುದಿಯುವ ನೀರಿಗೆ ಹೆಚ್ಚೆಂದರೆ ಎಷ್ಟು ಶಾಖ ಸಾಗಿಸಬಹುದು?

ಆ ಅಂಕಿಯನ್ನು ಹುಡುಕಿದವರು ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಶಿರೋ ನುಕಿಯಾಮಾ. 1934ರಲ್ಲಿ ಜಪಾನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಲೋಹದಿಂದ ಕುದಿಯುವ ನೀರಿಗೆ ಹರಿಯುವ ಶಾಖದ ಗರಿಷ್ಠ ಮತ್ತು ಕನಿಷ್ಠ ಮೌಲ್ಯಗಳು ಎಂಬುದು ಅದರ ಶೀರ್ಷಿಕೆಯ ಸಾರಾಂಶ. ಗರಿಷ್ಠ ಸರಿ, ಕನಿಷ್ಠ ಏಕೆ? ಅದೇ ಈ ಕಥೆಯ ತಿರುಳು.

ಅವರ ಉಪಕರಣ ನಮ್ಮ ಹಾಸ್ಟೆಲು ಹುಡುಗರು ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್‌ನ ಅಣ್ಣನಂತಿತ್ತು. ನೂರು ಡಿಗ್ರಿಯಲ್ಲಿರುವ ನೀರಿನಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ತಂತಿಯನ್ನು ಅಡ್ಡಲಾಗಿ ಮುಳುಗಿಸಿ ವಿದ್ಯುತ್ತು ಹರಿಸಿದರು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ತಂತಿ ಎಷ್ಟು ಶಾಖ ಕೊಡುತ್ತಿದೆ ಎಂಬುದು ತಿಳಿಯುತ್ತದೆ. ತಂತಿಯ ಉಷ್ಣಾಂಶಕ್ಕೆ ಬೇರೆ ಥರ್ಮಾಮೀಟರು ಬೇಕಿಲ್ಲ. ಲೋಹ ಕಾದಂತೆ ಅದರ ವಿದ್ಯುತ್ ರೋಧ ಬದಲಾಗುವುದರಿಂದ ರೋಧವನ್ನು ಅಳೆದರೆ ಸಾಕು. ಕಾಯುವುದೂ ತಂತಿಯೇ, ಅಳೆಯುವುದೂ ತಂತಿಯೇ. ಇಷ್ಟು ಮಿತವ್ಯಯದ ಪ್ರಯೋಗ ಇಷ್ಟು ದೊಡ್ಡ ವಿಷಯವನ್ನು ತಿಳಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದಾಗ ಮೊದಲು ಏನೂ ಕಾಣುವುದಿಲ್ಲ. ತಂತಿ ನೀರಿಗಿಂತ ಐದಾರು ಡಿಗ್ರಿ ಹೆಚ್ಚು ಕಾದಾಗ ಅಲ್ಲಲ್ಲಿ ಗುಳ್ಳೆಗಳು ಹುಟ್ಟುತ್ತವೆ. ಕೆ.ಆರ್. ನಗರದ ಕಬ್ಬಿನ ಸೀಮೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಉಕ್ಕಿ ಬರುವುದನ್ನು ನೋಡಿದವರಿಗೆ ಈ ಗುಳ್ಳೆಗಳ ಕೆಲಸ ಗೊತ್ತು. ಪ್ರತಿ ಗುಳ್ಳೆ ಲೋಹವನ್ನು ಬಿಟ್ಟು ಏಳುವಾಗ ಶಾಖವನ್ನು ಹೊತ್ತೊಯ್ಯುತ್ತದೆ, ಖಾಲಿಯಾದ ಜಾಗಕ್ಕೆ ಹೊಸ ದ್ರವ ನುಗ್ಗುತ್ತದೆ. ಇದು ಆರೋಗ್ಯವಂತ ಕುದಿತ. ತಂತಿಯ ಉಷ್ಣಾಂಶ ಕೆಲವೇ ಡಿಗ್ರಿ ಏರಿದರೂ ನೀರಿಗೆ ಹೋಗುವ ಶಾಖ ಹತ್ತಾರು ಪಟ್ಟು ಏರುತ್ತದೆ. ನೀರಿಗಿಂತ ಸುಮಾರು 30 ಡಿಗ್ರಿ ಹೆಚ್ಚು ಕಾದಾಗ ಶಾಖದ ಹರಿವು ಪ್ರತಿ ಚದರ ಮೀಟರಿಗೆ ಹತ್ತು ಲಕ್ಷ ವಾಟ್‌ಗಳ ಆಸುಪಾಸು ಮುಟ್ಟುತ್ತದೆ.

ಇದೇ ಶಿಖರ. ಇದರಾಚೆ ಒಂದು ಕೂದಲೆಳೆಯಷ್ಟು ಕರೆಂಟು ಹೆಚ್ಚಿಸಿದರೂ ಅನಾಹುತ. ಜಾತ್ರೆಯ ದಿನ ಹುಣಸೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿನ ಬಾಗಿಲನ್ನು ನೆನೆಸಿಕೊಳ್ಳಬಹುದು. ಇಳಿಯುವವರು, ಹತ್ತುವವರು ಇಬ್ಬರಿಗೂ ಒಂದೇ ಬಾಗಿಲು. ಇಳಿಯುವವರ ನೂಕು ಮಿತಿಮೀರಿದರೆ ಹತ್ತುವವನು ಒಬ್ಬನೂ ಒಳಗೆ ಕಾಲಿಡಲಾರ. ಹಾಗೆಯೇ ಮೇಲೇಳುವ ಆವಿಯ ನೂಕುನುಗ್ಗಲು ಎಷ್ಟಾಗುತ್ತದೆಂದರೆ ಕೆಳಗಿಳಿದು ತಂತಿಯನ್ನು ಮುಟ್ಟಬೇಕಾದ ನೀರಿಗೆ ದಾರಿಯೇ ಇರುವುದಿಲ್ಲ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ತಂತಿಯ ಉದ್ದಕ್ಕೂ ಆವಿಯ ಕೊಳವೆಯಾಗುತ್ತದೆ. ವಿದ್ಯುತ್ತು ಮಾತ್ರ ಹಿಂದಿನಂತೆಯೇ ಹರಿಯುತ್ತಿದೆ, ಶಾಖ ಹುಟ್ಟುತ್ತಲೇ ಇದೆ, ಹೊರಹೋಗುವ ದಾರಿ ಮುಚ್ಚಿದೆ. ತಂತಿಯ ಉಷ್ಣಾಂಶ ಒಂದೇ ನೆಗೆತಕ್ಕೆ ಸಾವಿರ ಡಿಗ್ರಿಯ ಆಚೆ ಹಾರುತ್ತದೆ. ಕುದಿಯುವ ನೀರಿನ ನಡುವೆಯೇ ತಂತಿ ಕೆಂಪಗೆ, ಬೆಳ್ಳಗೆ ಬೆಳಗುತ್ತದೆ. ನಿಕ್ರೋಮ್ ತಂತಿ ಇಲ್ಲಿಗೆ ಕರಗಿ ತುಂಡಾಗುತ್ತಿತ್ತು. ಹೆಚ್ಚು ತಾಪ ತಾಳುವ ಪ್ಲಾಟಿನಂ ತಂತಿ ಬದುಕಿ ಉಳಿಯಿತು. ಆದ್ದರಿಂದಲೇ ಮುಂದಿನ ಸಂಗತಿಗಳನ್ನು ಕಾಣುವುದು ಸಾಧ್ಯವಾಯಿತು.

ಬೆಳಗುತ್ತಿರುವ ಪ್ಲಾಟಿನಂ ತಂತಿಗೆ ಕರೆಂಟನ್ನು ಇಳಿಸುತ್ತ ಬಂದಾಗ ಅದು ಬಂದ ದಾರಿಯಲ್ಲಿ ವಾಪಸಾಗಲಿಲ್ಲ. ಯಾವ ಶಾಖದಲ್ಲಿ ಮೇಲಕ್ಕೆ ಹಾರಿತ್ತೋ ಅದೇ ಶಾಖಕ್ಕೆ ಇಳಿದರೂ ಪೊರೆ ಹರಿಯಲಿಲ್ಲ. ಇನ್ನೂ ಬಹಳ ಕೆಳಗಿಳಿದು, ಒಂದು ಕನಿಷ್ಠ ಮೌಲ್ಯ ಮುಟ್ಟಿದ ಮೇಲಷ್ಟೇ ಪೊರೆ ಕುಸಿದು ಗುಳ್ಳೆಗಳ ಕುದಿತ ಮರಳಿತು. ಹತ್ತುವ ಮೆಟ್ಟಿಲು ಬೇರೆ, ಇಳಿಯುವ ಮೆಟ್ಟಿಲು ಬೇರೆ. ನಡುವೆ ಒಂದು ಪ್ರದೇಶ ಇದ್ದೇ ಇರಬೇಕು, ಅಲ್ಲಿ ಲೋಹದ ಬಿಸಿ ಹೆಚ್ಚಿದಂತೆ ನೀರಿಗೆ ಹೋಗುವ ಶಾಖ ಕಡಿಮೆಯಾಗಬೇಕು ಎಂದು ನುಕಿಯಾಮಾ ಊಹಿಸಿದರು. ಕರೆಂಟಿನಿಂದ ಕಾಯಿಸುವ ತಂತಿ ಅಲ್ಲಿ ನಿಲ್ಲಲಾರದು, ಹಾರಿಯೇ ಹೋಗುತ್ತದೆ. 1937ರಲ್ಲಿ ಅಮೆರಿಕದ ಡ್ರೂ ಮತ್ತು ಮುಲ್ಲರ್ ಎಂಬಿಬ್ಬರು ವಿದ್ಯುತ್ತಿನ ಬದಲು ಹಬೆಯಿಂದ ಕಾಯಿಸಿದ ಲೋಹವನ್ನು ಬಳಸಿದರು. ಹೀಗೆ ಉಷ್ಣಾಂಶವನ್ನೇ ಹಿಡಿತದಲ್ಲಿಟ್ಟುಕೊಂಡು ಆ ಕಾಣದ ಪ್ರದೇಶವನ್ನೂ ಕಂಡರು. ಹೋಟೆಲಿನ ಕಾವಲಿ ‘ಚುಂಯ್’ನಿಂದ ‘ಗುಂಡುಹನಿ’ಗೆ ದಾಟುವಾಗ ಹಾದುಹೋಗುವುದು ಇದೇ ಪ್ರದೇಶವನ್ನು.

ನುಕಿಯಾಮಾ ಬರೆದದ್ದು ಜಪಾನಿ ಭಾಷೆಯಲ್ಲಿ. ಲೈಡೆನ್‌ಫ್ರಾಸ್ಟ್ ಬರೆದದ್ದು ಲ್ಯಾಟಿನ್‌ನಲ್ಲಿ. ಇಬ್ಬರ ಬರಹಗಳೂ ಇಂಗ್ಲಿಷಿಗೆ ಬಂದದ್ದು ಒಂದೇ ವರ್ಷ, 1966ರಲ್ಲಿ, ಶಾಖ ವರ್ಗಾವಣೆಯನ್ನು ಕುರಿತ ಒಂದೇ ಅಂತರರಾಷ್ಟ್ರೀಯ ಪತ್ರಿಕೆಯ ಒಂದೇ ಸಂಪುಟದಲ್ಲಿ. ಒಂದಕ್ಕೆ 210 ವರ್ಷ, ಇನ್ನೊಂದಕ್ಕೆ 32 ವರ್ಷ ಕಾಯಬೇಕಾಯಿತು. ಅಷ್ಟು ತಡವಾಗಿ ಜಗತ್ತಿಗೆ ಈ ಹಳೆಯ ಕಾಗದಗಳು ನೆನಪಾದದ್ದು ಸುಮ್ಮನೆ ಅಲ್ಲ. ಅಷ್ಟು ಹೊತ್ತಿಗೆ ಪರಮಾಣು ವಿದ್ಯುತ್ ಸ್ಥಾವರಗಳು ಬಂದಿದ್ದವು.

ನಮ್ಮ ರಾಜ್ಯದಲ್ಲೇ ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. 2000ದಿಂದ 2011ರ ನಡುವೆ ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಕೆಲಸ ಆರಂಭಿಸಿದವು. ಇಂಥ ಒಂದು ಘಟಕದ ಒಡಲಿನಲ್ಲಿ 306 ಕೊಳವೆಗಳು. ಒಂದೊಂದು ಕೊಳವೆಯಲ್ಲಿ 12 ಇಂಧನದ ಕಟ್ಟುಗಳು. ಒಂದೊಂದು ಕಟ್ಟಿನಲ್ಲಿ 19 ಕಡ್ಡಿಗಳು. ಗುಣಿಸಿದರೆ ಸುಮಾರು 70 ಸಾವಿರ ಕಡ್ಡಿ. ಜಿರ್ಕೋನಿಯಂ ಮಿಶ್ರಲೋಹದ ಕವಚದೊಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆಗಳನ್ನು ತುಂಬಿದ ಈ ಕಡ್ಡಿಗಳ ನಡುವೆ ಭಾರಜಲ ಹೆಚ್ಚಿನ ಒತ್ತಡದಲ್ಲಿ ಹರಿಯುತ್ತ ಶಾಖವನ್ನು ಒಯ್ಯುತ್ತದೆ. ನೋಡಿದರೆ ಇವು ನುಕಿಯಾಮಾ ಅವರ ತಂತಿಯ ವಂಶಜರೇ. ಕಡ್ಡಿಯೊಳಗೆ ಶಾಖ ಹುಟ್ಟುವುದು ಹೊರಗಿನ ನೀರು ಅದನ್ನು ಒಯ್ಯಬಲ್ಲುದೇ ಇಲ್ಲವೇ ಎಂಬುದನ್ನು ಕೇಳಿಕೊಂಡಲ್ಲ. ಎಲ್ಲಾದರೂ ಕಡ್ಡಿಯ ಮೈಗೆ ಆವಿಯ ಪೊರೆ ಕವಿದರೆ ಆ ಜಾಗ ನೆಗೆಯುತ್ತದೆ, ಕವಚ ಹಾಳಾಗುತ್ತದೆ. ಆದ್ದರಿಂದ ಜಗತ್ತಿನ ಯಾವುದೇ ರಿಯಾಕ್ಟರಿನ ವಿನ್ಯಾಸಕಾರ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಶಿಖರದಿಂದ ಎಷ್ಟು ಕೆಳಗಿದ್ದೇವೆ ಎಂಬುದು. ಆ ಅಂತರವನ್ನು ಬಿಟ್ಟುಕೊಂಡೇ ಸ್ಥಾವರವನ್ನು ನಡೆಸಬೇಕು. ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಸ್ಥಾಪಿಸಿತು. ಅಷ್ಟೂ ದಿನ ಆ ಕಡ್ಡಿಗಳ ಮೈ ನೀರಿಗೆ ಅಂಟಿಕೊಂಡೇ ಇದ್ದಿರಬೇಕು.

ನೀರು ದೂರವಾದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಸೆಂಡೈ ನಗರದಿಂದ ಸುಮಾರು 100 ಕಿಲೋಮೀಟರ್ ದಕ್ಷಿಣಕ್ಕೇ ಸಿಕ್ಕಿತು. 2011ರ ಮಾರ್ಚಿಯ ಭೂಕಂಪ, ಸುನಾಮಿಗಳ ನಂತರ ಫುಕುಶಿಮಾದ ಸ್ಥಾವರದಲ್ಲಿ ಪಂಪುಗಳಿಗೆ ವಿದ್ಯುತ್ತು ಇಲ್ಲವಾಯಿತು. ಅಲ್ಲಿ ಆದದ್ದು ಶಿಖರ ದಾಟಿದ ಕುದಿತವಲ್ಲ, ನೀರೇ ಆರಿಹೋದದ್ದು. ಕಡ್ಡಿಯ ಪಾಲಿಗೆ ಮಾತ್ರ ಎರಡೂ ಒಂದೇ: ಮೈಗೆ ನೀರಿಲ್ಲ, ಬರೀ ಆವಿ. ಸ್ಥಾವರ ನಿಲ್ಲಿಸಿದ ಮೇಲೂ ಇಂಧನದಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ. ಕವಚ ವಿಪರೀತ ಕಾದು ಹಬೆಯೊಡನೆ ವರ್ತಿಸಿ ಜಲಜನಕ ಹುಟ್ಟಿತು, ಕಟ್ಟಡಗಳು ಸ್ಫೋಟಿಸಿದವು. ಬಕೆಟ್ಟಿನ ನೀರು ಕಾಯಿಲ್‌ಗಿಂತ ಕೆಳಗಿಳಿದರೆ ಕಾಯಿಲ್ ಸುಟ್ಟುಹೋಗುವುದೂ ಇದೇ ಲೆಕ್ಕದಲ್ಲಿ, ಪ್ರಮಾಣ ಬೇರೆ ಅಷ್ಟೆ.

ಈಗ ಮತ್ತೆ ಈ ನಾಲ್ಕು ತಾಲ್ಲೂಕುಗಳಿಗೆ ಬರಬಹುದು. ಬೆಂಕಿಯ ಹದ ಇಲ್ಲಿನವರಿಗೆ ಹೊಸದಲ್ಲ. ವರ್ಜೀನಿಯಾ ತಂಬಾಕು ಬೆಳೆಯುವ ಈ ಸೀಮೆಯಲ್ಲಿ ಊರೂರಿಗೂ ಬ್ಯಾರನ್‌ಗಳಿವೆ. ಎಲೆಯ ನೀರನ್ನು ಕುದಿಸದೆ, ದಿನಗಟ್ಟಲೆ ಹಂತಹಂತವಾಗಿ ಬಿಸಿ ಏರಿಸಿ ಆರಿಸುವುದೇ ಅಲ್ಲಿನ ಕೌಶಲ. ಆದರೆ ತೇಲುವ ಹನಿಯ ಮಾತು ಇಲ್ಲಿ ಹೆಚ್ಚಾಗಿ ಕೇಳಿಬರುವುದು ಬೇರೊಂದು ಬೆಂಕಿಯ ಸಂದರ್ಭದಲ್ಲಿ. ಮಾರಿಹಬ್ಬ, ವೀರಭದ್ರನ ಜಾತ್ರೆಗಳಲ್ಲಿ ಕೊಂಡ ಹಾಯುವುದು ಮೈಸೂರು ಸೀಮೆಯ ಹಳೆಯ ಆಚರಣೆ. ಗ್ರಾಮಸ್ಥರು ಸೌದೆ ಒಟ್ಟಿ, ರಾತ್ರಿಯೆಲ್ಲ ಉರಿಸಿ ಕೆಂಡ ಮಾಡುತ್ತಾರೆ. ಪೂಜಾರಿ, ಹರಕೆ ಹೊತ್ತವರು ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಹಾಯುತ್ತಾರೆ. ಬಹುಪಾಲು ಮಂದಿಯ ಪಾದ ಸುಡುವುದಿಲ್ಲ.

ಇದು ದೈವದ ಮಹಿಮೆ ಎನ್ನುವುದು ಭಕ್ತರ ಮಾತು. ಪಾದದ ತೇವ ಆವಿಯಾಗಿ ಪೊರೆ ಕಟ್ಟಿ ಕಾಪಾಡುತ್ತದೆ, ಇದು ಲೈಡೆನ್‌ಫ್ರಾಸ್ಟ್ ಪರಿಣಾಮ ಎನ್ನುವುದು ವಿಚಾರವಾದಿಗಳ ಭಾಷಣಗಳಲ್ಲಿ ಕೇಳಿಬರುವ ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಮೇಲೆ ಇಂಥ ಚರ್ಚೆ ಕನ್ನಡ ನಾಡಿನಲ್ಲಿ ಮನೆಮನೆಯ ಮಾತಾಯಿತು. ಎರಡನೆಯ ಉತ್ತರ ವಿಜ್ಞಾನದ ಭಾಷೆಯಲ್ಲಿದೆ ನಿಜ. ಅಷ್ಟರಿಂದಲೇ ಅದು ಸರಿಯಾಗುವುದಿಲ್ಲ.

ಪೊರೆಯ ವಾದಕ್ಕೆ ಬಲ ತಂದವರು ಅಮೆರಿಕದ ಭೌತವಿಜ್ಞಾನಿ ಜರ್ಲ್ ವಾಕರ್. ಅವರು ತರಗತಿಯಲ್ಲಿ ಬೆರಳನ್ನು ನೀರಿಗೆ ಅದ್ದಿ, ತಕ್ಷಣ ಕರಗಿದ ಸೀಸಕ್ಕೆ ಮುಳುಗಿಸಿ ತೆಗೆಯುತ್ತಿದ್ದರು. ಸೀಸ ಕರಗುವುದು 328 ಡಿಗ್ರಿಯಲ್ಲಿ. ಬೆರಳಿನ ನೀರು ಆವಿಯ ಕೈಗವಸಾಗುತ್ತಿತ್ತು. ಇಲ್ಲಿ ಪೊರೆಯ ಪಾತ್ರ ನಿಸ್ಸಂದೇಹ. ಅವರು ಕೆಂಡದ ಮೇಲೂ ಹಲವು ಬಾರಿ ನಡೆದರು. ಒಮ್ಮೆ ಮಾತ್ರ, ಭೌತವಿಜ್ಞಾನದ ಮೇಲಿನ ಭರವಸೆಯಿಂದ ಭಯವೇ ಹೋಗಿ ಪಾದ ಬೆವರದೆ ಒಣಗಿತ್ತು, ಅದರಿಂದಲೇ ಸುಟ್ಟಿತು ಎಂದು ಅವರೇ ಬರೆದುಕೊಂಡಿದ್ದಾರೆ.

ಆದರೆ ಕೆಂಡ ಸೀಸವಲ್ಲ. 1935ರಲ್ಲಿ ಇಂಗ್ಲೆಂಡಿನ ಕಾರ್‌ಶಾಲ್ಟನ್ ಎಂಬಲ್ಲಿ ಹ್ಯಾರಿ ಪ್ರೈಸ್ ಎಂಬಾತ ಕಾಶ್ಮೀರದ ಖುದಾ ಬಕ್ಷ್‌ನನ್ನು ಕೆಂಡದ ಮೇಲೆ ನಡೆಸಿ ಪರೀಕ್ಷಿಸಿದ. ಕೆಂಡದ ಮೇಲ್ಮೈ 430 ಡಿಗ್ರಿ ಇತ್ತು, ಒಳಗೆ ಇನ್ನೂ ಹೆಚ್ಚು. ಖುದಾ ಬಕ್ಷ್‌ನ ಪಾದ ಸುಡಲಿಲ್ಲ. ಆ ಪರೀಕ್ಷೆ, ಅನಂತರ 1937ರಲ್ಲಿ ನಡೆದ ಪರೀಕ್ಷೆಗಳು ಕೊಟ್ಟ ಉತ್ತರದಲ್ಲಿ ಆವಿಗೆ ದೊಡ್ಡ ಸ್ಥಾನವಿಲ್ಲ. ಹೆಜ್ಜೆ ಕೆಂಡವನ್ನು ಮುಟ್ಟುವುದು ಅರ್ಧ ಸೆಕೆಂಡಿನಷ್ಟು. ಮರದ ಕೆಂಡ ಹಗುರ, ಅದರ ಮೇಲೆ ಬೂದಿ ಬೇರೆ. ಅದರಲ್ಲಿ ಸಂಗ್ರಹವಾದ ಶಾಖ ಕಡಿಮೆ, ಅದು ಶಾಖವನ್ನು ಸಾಗಿಸುವುದೂ ಬಹಳ ನಿಧಾನ. ಕಾದ ಒಲೆಯ ಗಾಳಿಗೆ ಕೈ ಹಿಡಿದರೆ ಸುಡದು, ಅಷ್ಟೇ ಕಾದ ಕಬ್ಬಿಣದ ತಟ್ಟೆ ಮುಟ್ಟಿದರೆ ಬೊಬ್ಬೆ ಏಳುತ್ತದೆ, ಅದೇ ನ್ಯಾಯ. ಕೊಂಡದಲ್ಲಿ ಕೆಂಡದ ಬದಲು ಅಷ್ಟೇ ಬಿಸಿಯ ಕಬ್ಬಿಣದ ಹಾಳೆ ಹಾಸಿದರೆ ಎಷ್ಟೇ ಮಿಂದು ಬಂದವನಾದರೂ ದಾಟಲಾರ. ಒದ್ದೆ ಪಾದ ಒಂದಿಷ್ಟು ನೆರವಾದೀತು. ಆದರೆ ಒದ್ದೆ ಪಾದಕ್ಕೆ ಕೆಂಡದ ಚೂರು ಅಂಟಿಕೊಂಡರೆ ಆ ಅರ್ಧ ಸೆಕೆಂಡು ಹಲವು ಸೆಕೆಂಡುಗಳಾಗುತ್ತದೆ.

ವ್ಯತ್ಯಾಸ ಪುಸ್ತಕದ ಮಾತಲ್ಲ. ಪೊರೆ ಕಾಪಾಡುತ್ತದೆ ಎಂದು ನಂಬಿದವನು ನೀರು ಹೊಯ್ದುಕೊಂಡರೆ ಸಾಕೆಂದುಕೊಳ್ಳುತ್ತಾನೆ. ದೇವರು ಕಾಪಾಡುತ್ತಾನೆ ಎಂದು ನಂಬಿದವನು ಮಡಿಯಾಗಿದ್ದರೆ ಸಾಕೆಂದುಕೊಳ್ಳುತ್ತಾನೆ. ಹೊತ್ತು ಎಷ್ಟು ಎಂಬುದು ಇಬ್ಬರ ಲೆಕ್ಕದಲ್ಲೂ ಇಲ್ಲ. ಕೊಂಡದಲ್ಲಿ ಗಾಯಗೊಳ್ಳುವವರು ನಡುವೆ ಎಡವಿ ಬಿದ್ದವರು, ಮುಂದಿನವನು ನಿಂತದ್ದರಿಂದ ತಾವೂ ನಿಂತವರು, ಮಗುವನ್ನೋ ಬಿಂದಿಗೆಯನ್ನೋ ಹೊತ್ತು ತಡವರಿಸಿದವರು. ಕೈ, ಮೊಣಕಾಲು, ಮುಖ ಕೆಂಡಕ್ಕೆ ತಾಗಿ ಅಲ್ಲೇ ಉಳಿದರೆ ಬೂದಿಯ ಸೋಮಾರಿತನವೂ ಕಾಪಾಡದು. 2017ರಲ್ಲಿ ವಿಧಾನಮಂಡಲ ಅಂಗೀಕರಿಸಿ 2020ರ ಜನವರಿಯಿಂದ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳ ನಿಷೇಧ ಕಾನೂನಿನ ಪಟ್ಟಿಯಲ್ಲಿ, ಜಾತ್ರೆ ಹಬ್ಬಗಳಲ್ಲಿ ಯಾರನ್ನಾದರೂ ಬಲವಂತದಿಂದ ಕೆಂಡ ಹಾಯಿಸುವುದೂ ಸೇರಿದೆ. ಸ್ವಂತ ಇಚ್ಛೆಯಿಂದ ಹಾಯುವವರನ್ನು ಅದು ತಡೆದಿಲ್ಲ. ಹಬ್ಬದ ತಿಂಗಳು ಬಂದಾಗ ಊರವರು ಸೌದೆ ಹೊತ್ತು ತರುತ್ತಾರೆ, ಕೊಂಡದ ಎರಡೂ ಬದಿಗೆ ಜನ ಕಿಕ್ಕಿರಿಯುತ್ತಾರೆ. ದಾಟಿದವನು ಆಚೆ ಬದಿಯಲ್ಲಿ ನಿಲ್ಲದೆ ಮುಂದೆ ಸರಿಯುವಂತೆ ಒಂದಿಷ್ಟು ಜಾಗ ಬಿಡುವುದು ಹಲವರಿಗೆ ನೆನಪಿರುವುದಿಲ್ಲ.